ಟಾರ್ಚಿನ ಬೆಳಕಿನಲ್ಲಿ ಒಂದು ಆತ್ಮಕಥೆ

ಹೆಣ್ಣು ತನ್ನ ಬದುಕಿನ ಕಥೆಯನ್ನು ತಾನೇ ಹೇಳಬೇಕು ಎಂದು ವೇದಿಕೆಗಳಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಆ ಕಥೆ ಎಲ್ಲಿಯವರೆಗೆ ಹೋಗಬಹುದು ಎಂಬ ಬಗ್ಗೆ ಪ್ರತಿಯೊಂದು ಸಮಾಜದಲ್ಲೂ ಬರೆಯದ ಒಂದು ಕಾನೂನಿದೆ. ಬಡತನ ಹೇಳಬಹುದು, ಅತ್ತೆಯ ಕಾಟ ಹೇಳಬಹುದು, ಗಂಡನ ಹೊಡೆತವನ್ನೂ ಸ್ವಲ್ಪ ಮೆಲುದನಿಯಲ್ಲಿ ಹೇಳಬಹುದು. ಮೈಯ ವಿಷಯ ಬಂದ ಕೂಡಲೇ ಸಭೆಯಲ್ಲಿ ಕೆಮ್ಮು ಶುರುವಾಗುತ್ತದೆ. ಕತೆ ಬರೆಯುವ ನಮಗೆ ಈ ಕೆಮ್ಮು ಚೆನ್ನಾಗಿ ಪರಿಚಿತ. ಹಾಗಾಗಿಯೇ, ಈ ಕೆಮ್ಮಿಗೆ ಸ್ವಲ್ಪವೂ ಕಿವಿಗೊಡದೆ ತನ್ನ ಮೈಯ ಕಥೆಯನ್ನೇ ರಂಗದ ಮೇಲೆ ಹೇಳಿದ ಅಮೆರಿಕದ ಒಬ್ಬ ಹೆಂಗಸಿನ ಬಗ್ಗೆ ಓದುತ್ತಾ ಹೋದಂತೆ ನಮಗೆ ಬಹಳ ದಿನ ಅವಳನ್ನು ಬಿಟ್ಟು ಬರಲು ಆಗಲಿಲ್ಲ. ಅವಳ ಹೆಸರು ಆನಿ ಸ್ಪ್ರಿಂಕಲ್. ಅವಳ ಏಕವ್ಯಕ್ತಿ ಪ್ರದರ್ಶನದ ಹೆಸರು ‘ಪೋಸ್ಟ್-ಪೋರ್ನ್ ಮಾಡರ್ನಿಸ್ಟ್’.

ಈ ಪತ್ರಿಕೆಯ ಪುಟಗಳಲ್ಲಿ ಇಂಥವಳ ಬಗ್ಗೆ ಬರೆಯಬೇಕೇ ಎಂದು ಓದುಗರಲ್ಲಿ ಕೆಲವರಿಗಾದರೂ ಅನ್ನಿಸುತ್ತದೆ ಎಂಬುದು ನಮಗೆ ಗೊತ್ತು. ಅವಳು ನೀಲಿಚಿತ್ರಗಳ ನಟಿಯಾಗಿದ್ದವಳು, ಇಪ್ಪತ್ತು ವರ್ಷ ಮೈ ಮಾರಿ ಬದುಕಿದವಳು. ಅವಳ ಬದುಕಿನ ದಾರಿಯನ್ನು ಯಾರಿಗೂ ಮಾದರಿಯಾಗಿ ತೋರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅವಳ ಪ್ರದರ್ಶನದ ಚರಿತ್ರೆಯಲ್ಲಿ ಏಳುವ ಪ್ರಶ್ನೆಗಳು ಅವಳೊಬ್ಬಳವಲ್ಲ. ಹೆಣ್ಣಿನ ಮೈಯ ಬಗ್ಗೆ ಮಾತಾಡುವ ಹಕ್ಕು ಯಾರದು, ಅದು ಯಾವಾಗ ಅಶ್ಲೀಲವಾಗುತ್ತದೆ, ನಾಚಿಕೆ ಎನ್ನುವುದು ಎಲ್ಲಿಯವರೆಗೆ ಗುಣ, ಎಲ್ಲಿಂದ ಮುಂದೆ ಕೇಡು? ಈ ಪ್ರಶ್ನೆಗಳು ನಮ್ಮ ಮನೆಗಳ ಒಳಕೋಣೆಗಳಲ್ಲೂ ಇವೆ.

ಆನಿಯ ಹುಟ್ಟುಹೆಸರು ಎಲೆನ್ ಸ್ಟೈನ್‌ಬರ್ಗ್. 1954ರಲ್ಲಿ ಫಿಲಡೆಲ್ಫಿಯಾದ ಒಂದು ಯಹೂದಿ ಕುಟುಂಬದಲ್ಲಿ ಹುಟ್ಟಿ, ಲಾಸ್ ಏಂಜಲೀಸ್‌ನಲ್ಲೂ ನಂತರ ಕೆಲವು ವರ್ಷ ಪನಾಮಾದಲ್ಲೂ ಬೆಳೆದ ಹುಡುಗಿ. ಯಾರ ಜೊತೆಯೂ ಬಾಯಿಬಿಡದ, ತನ್ನ ರೂಪದ ಬಗ್ಗೆ ಕೀಳರಿಮೆಯಿದ್ದ ಹುಡುಗಿ ಎಂದು ಅವಳೇ ಹೇಳಿಕೊಂಡಿದ್ದಾಳೆ. ಹದಿನೆಂಟರ ವಯಸ್ಸಿನಲ್ಲಿ ಅರಿಜೋನಾದ ಟೂಸಾನ್ ಊರಿನ ಒಂದು ಚಿತ್ರಮಂದಿರದ ಟಿಕೆಟ್ ಕೌಂಟರಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅಲ್ಲಿ ಆಗ ಓಡುತ್ತಿದ್ದದ್ದು 1972ರ ‘ಡೀಪ್ ಥ್ರೋಟ್’ ಎಂಬ ನೀಲಿಚಿತ್ರ. ಪೊಲೀಸರು ಚಿತ್ರವನ್ನು ನಿಲ್ಲಿಸಿದರು, ಅಶ್ಲೀಲತೆಯ ಮೊಕದ್ದಮೆ ನಡೆಯಿತು, ಟಿಕೆಟ್ ಮಾರುತ್ತಿದ್ದ ಈ ಹುಡುಗಿಯನ್ನು ಸಾಕ್ಷಿಗೆ ಕರೆಸಿದರು. ಅದೇ ಮೊಕದ್ದಮೆಯಲ್ಲಿ ಚಿತ್ರದ ನಿರ್ದೇಶಕ ಜೆರಾರ್ಡ್ ಡಾಮಿಯಾನೋನ ಪರಿಚಯವಾಗಿ, ಅವನ ಹಿಂದೆಯೇ ಅವಳು ನ್ಯೂಯಾರ್ಕಿಗೆ ಹೋದಳು. ಎಲೆನ್ ಹಿಂದೆ ಉಳಿದು ಆನಿ ಸ್ಪ್ರಿಂಕಲ್ ಹುಟ್ಟಿದ್ದು ಹೀಗೆ. ಮುಂದೆ ನೂರಕ್ಕೂ ಹೆಚ್ಚು ನೀಲಿಚಿತ್ರಗಳಲ್ಲಿ ಅವಳು ಕಾಣಿಸಿಕೊಂಡಳು.

ಇದೇ ‘ಡೀಪ್ ಥ್ರೋಟ್’ ಚಿತ್ರದಿಂದ ಇನ್ನೊಬ್ಬ ಹೆಂಗಸಿನ ಕಥೆಯೂ ಹೊರಬಂತು. ಅದನ್ನು ಬಿಟ್ಟು ಆನಿಯ ಕಥೆಯನ್ನಷ್ಟೇ ಹೇಳಿದರೆ ಅನ್ಯಾಯವಾಗುತ್ತದೆ. ಚಿತ್ರದ ನಾಯಕಿಯನ್ನು ಜಗತ್ತು ಲಿಂಡಾ ಲವ್‌ಲೇಸ್ ಎಂದು ಕರೆಯಿತು, ಅವಳ ನಿಜವಾದ ಹೆಸರು ಲಿಂಡಾ ಬೋರ್ಮನ್. 1980ರಲ್ಲಿ ‘ಆರ್ಡೀಲ್’ ಎಂಬ ಆತ್ಮಕಥೆಯಲ್ಲಿ ಅವಳು, ತನ್ನ ಆಗಿನ ಗಂಡ ಹೊಡೆದು, ಬಂದೂಕು ತೋರಿಸಿ ತನ್ನಿಂದ ಇದನ್ನೆಲ್ಲ ಮಾಡಿಸಿದ ಎಂದು ಬರೆದಳು. ಆ ಚಿತ್ರ ನೋಡುವವರು ನೋಡುತ್ತಿರುವುದು ತನ್ನ ಮೇಲಾದ ಅತ್ಯಾಚಾರವನ್ನು ಎಂದು ಮುಂದೆ ಸಾರ್ವಜನಿಕವಾಗಿ ಹೇಳಿದಳು. ಚಿತ್ರ ಕೋಟಿಗಟ್ಟಲೆ ಡಾಲರ್ ಗಳಿಸಿತೆಂಬ ಮಾತಿದ್ದರೂ ಅವಳಿಗೆ ಅದರಲ್ಲಿ ಏನೂ ದಕ್ಕಲಿಲ್ಲ. ಒಂದೇ ಚಿತ್ರದ ಪರದೆಯ ಮೇಲೆ ಒಬ್ಬಳು, ಬಾಗಿಲಲ್ಲಿ ಟಿಕೆಟ್ ಹರಿಯುತ್ತಾ ಇನ್ನೊಬ್ಬಳು. ಒಬ್ಬಳು ಅದನ್ನು ನರಕ ಎಂದಳು, ಇನ್ನೊಬ್ಬಳು ಅದರ ಮೂಲಕವೇ ತನ್ನ ದಾರಿ ಸಿಕ್ಕಿತು ಎಂದಳು. ಇಬ್ಬರಲ್ಲಿ ಒಬ್ಬಳು ಸುಳ್ಳು ಹೇಳುತ್ತಿರಬೇಕು ಎಂದು ತೀರ್ಪು ಕೊಡಲು ಎಷ್ಟೋ ಜನ ಆತುರಪಟ್ಟರು. ನಮಗೆ ಹಾಗೆ ಅನ್ನಿಸುವುದಿಲ್ಲ. ಒಂದೇ ಮನೆಗೆ ಸೊಸೆಯರಾಗಿ ಬಂದ ಇಬ್ಬರು ಓರಗಿತ್ತಿಯರನ್ನು ಕೇಳಿದರೂ ಆ ಮನೆಯ ಕಥೆ ಎರಡಾಗಿಯೇ ಬರುತ್ತದೆ.

ಅಮೆರಿಕದ ಸ್ತ್ರೀವಾದಿಗಳೂ ಈ ವಿಷಯದಲ್ಲಿ ಎರಡು ಬಣಗಳಾಗಿ ಒಡೆದರು. ಆಂಡ್ರಿಯಾ ಡ್ವಾರ್ಕಿನ್ ಮತ್ತು ಕ್ಯಾಥರಿನ್ ಮ್ಯಾಕಿನನ್ ಅವರು ನೀಲಿಚಿತ್ರವೆಂದರೆ ಹೆಣ್ಣಿನ ನಾಗರಿಕ ಹಕ್ಕಿನ ಉಲ್ಲಂಘನೆ ಎಂದು ವಾದಿಸಿ 1983ರಲ್ಲಿ ಮಿನಿಯಾಪೊಲಿಸ್ ನಗರಕ್ಕೆ ಒಂದು ಕಾಯಿದೆಯ ಕರಡನ್ನೇ ಬರೆದುಕೊಟ್ಟರು. ಲಿಂಡಾ ಅದರ ಪರವಾಗಿ ಸಾಕ್ಷಿ ಹೇಳಿದಳು. ನಗರಸಭೆ ಒಪ್ಪಿದರೂ ಮೇಯರ್ ಅದಕ್ಕೆ ಸಹಿ ಹಾಕಲಿಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಅಂಥದೇ ಕಾಯಿದೆ ಜಾರಿಗೆ ಬಂದರೂ ನ್ಯಾಯಾಲಯ ಅದನ್ನು ರದ್ದುಮಾಡಿತು. ಇನ್ನೊಂದು ಬಣದವರು, ಸರ್ಕಾರದ ಕೈಗೆ ಕತ್ತರಿ ಕೊಟ್ಟರೆ ಅದು ಮೊದಲು ಕತ್ತರಿಸುವುದು ಹೆಂಗಸರ ಮಾತನ್ನೇ ಎಂದರು. ಈ ಜಗಳದ ಮಧ್ಯೆ, ಆ ಚಿತ್ರಗಳಲ್ಲಿ ನಟಿಸಿದ ಹೆಂಗಸರನ್ನು ಕರೆದು ಕೂರಿಸಿ ನೀವೇನು ಹೇಳುತ್ತೀರಿ ಎಂದು ಕೇಳಿದವರು ಕಡಿಮೆ.

ಕೇಳಿಕೊಂಡವರು ಅವರವರೇ. 1983ರಲ್ಲಿ ಸಹನಟಿಯೊಬ್ಬಳು ಬಸುರಿಯಾದಾಗ ಆನಿ ನ್ಯೂಯಾರ್ಕಿನ ಲೆಕ್ಸಿಂಗ್ಟನ್ ರಸ್ತೆಯ 90ನೇ ನಂಬರಿನ ತನ್ನ ಮನೆಯಲ್ಲಿ, ನಮ್ಮ ಸೀಮಂತದ ಹಾಗೆ ಒಂದು ಸಣ್ಣ ಸಮಾರಂಭ ಇಟ್ಟುಕೊಂಡಳು. ಬಂದವರೆಲ್ಲ ಅದೇ ಕಸುಬಿನವರು. ಮಾತಿಗೆ ಮಾತು ಬೆಳೆದು, ಆಗಾಗ ಸೇರಿ ಕಷ್ಟಸುಖ ಹಂಚಿಕೊಳ್ಳೋಣ ಎಂದಾಯಿತು. ಮನೆಯ ನಂಬರಿನಿಂದಲೇ ಆ ಕೂಟಕ್ಕೆ ‘ಕ್ಲಬ್ 90’ ಎಂದು ಹೆಸರಾಯಿತು. ಮರುವರ್ಷ, 1984ರಲ್ಲಿ, ‘ಕಾರ್ನಿವಲ್ ನಾಲೆಜ್’ ಎಂಬ ಸ್ತ್ರೀವಾದಿ ಕಲಾವಿದೆಯರ ಗುಂಪು ಇವರನ್ನು ಫ್ರಾಂಕ್ಲಿನ್ ಫರ್ನೆಸ್ ಎಂಬ ಕಲಾಕೇಂದ್ರಕ್ಕೆ ಕರೆಯಿತು. ಅಲ್ಲಿ ಅವರು ಮಾಡಿದ್ದೇನೂ ದೊಡ್ಡ ನಾಟಕವಲ್ಲ. ಆನಿಯ ಮನೆಯ ಬೈಠಕ್ಕನ್ನೇ ರಂಗಕ್ಕೆ ತಂದು, ಕುಳಿತು ಮಾತಾಡಿದರು. ಪರದೆಯ ಮೇಲೆ ನರಳಾಟ, ಕೇಕೆ ಬಿಟ್ಟು ಬೇರೆ ಮಾತಿಲ್ಲದಿದ್ದ ಹೆಂಗಸರು ತಾಯ್ತನ, ದುಡ್ಡು, ಮುಪ್ಪು, ಮನೆಯವರ ಸಿಟ್ಟು ಇವುಗಳ ಬಗ್ಗೆ ಮಾತಾಡಿದ್ದು ಅದೇ ಮೊದಲು. ಆನಿ ನಟಿಯಿಂದ ಕಲಾವಿದೆಯಾದದ್ದು ಆ ರಾತ್ರಿಗಳಲ್ಲಿ ಎನ್ನಬಹುದು. 1985ರಲ್ಲಿ ರಂಗತಜ್ಞ ರಿಚರ್ಡ್ ಶೆಕ್ನರ್ ಅವಳನ್ನು ತನ್ನ ‘ಪ್ರೊಮೀಥಿಯಸ್ ಪ್ರಾಜೆಕ್ಟ್’ ನಾಟಕಕ್ಕೆ ಸೇರಿಸಿಕೊಂಡರು. ಇವರು ನಮ್ಮ ನಾಟ್ಯಶಾಸ್ತ್ರವನ್ನೂ ರಾಮನಗರದ ರಾಮಲೀಲೆಯನ್ನೂ ಅಧ್ಯಯನ ಮಾಡಿ ಬರೆದ ಅದೇ ಶೆಕ್ನರ್.

‘ಪೋಸ್ಟ್-ಪೋರ್ನ್ ಮಾಡರ್ನಿಸ್ಟ್’ ಸಿದ್ಧವಾದದ್ದು 1989ರ ಸುಮಾರಿಗೆ. ನೀಲಿಚಿತ್ರದ ನಂತರದ್ದು, ಅದನ್ನು ದಾಟಿ ಹಿಂತಿರುಗಿ ನೋಡುವಂಥದ್ದು ಎಂಬ ಅರ್ಥ ಆ ಹೆಸರಿನಲ್ಲಿದೆ. ಮುಂದಿನ ಐದಾರು ವರ್ಷ ಅಮೆರಿಕದ, ಯುರೋಪಿನ ಹಲವು ನಗರಗಳಲ್ಲಿ ಅದು ನಡೆಯಿತು. ನಾವು ಅದನ್ನು ಕಣ್ಣಾರೆ ನೋಡಿದವರಲ್ಲ. ನೋಡಿದವರು ಬರೆದದ್ದನ್ನು, ಅವಳೇ ಬರೆದುಕೊಂಡದ್ದನ್ನು ಓದಿದವರು. ಪ್ರದರ್ಶನ ಶುರುವಾಗುವುದು ಸ್ಲೈಡುಗಳಿಂದ, ಮದುವೆಮನೆಯ ಆಲ್ಬಮ್ ತೋರಿಸಿದ ಹಾಗೆ. ಇವಳು ಎಲೆನ್, ಇವಳು ಆನಿ. ಎಲೆನ್‌ಗೆ ನಾಚಿಕೆ, ಆನಿಗೆ ಇಲ್ಲ. ಎಲೆನ್‌ಳನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ, ಆನಿಯನ್ನು ನೋಡದವರಿಲ್ಲ. ನಂತರ ಒಂದು ನಕ್ಷೆ ತೂಗುಹಾಕಿ ಮೇಡಮ್ ಪಾಠ ಮಾಡಿದಂತೆ, ಈ ಕಸುಬಿಗೆ ತಾನು ಬಂದ ಕಾರಣಗಳೇನು, ಅದರಲ್ಲಿ ತನಗೆ ಅಸಹ್ಯವಾದದ್ದೇನು ಎಂದು ಲೆಕ್ಕ ಒಪ್ಪಿಸುತ್ತಾಳೆ. ದುಡ್ಡು ಒಂದು ಕಾರಣ, ಒಂಟಿತನ ಒಂದು ಕಾರಣ. ಜನ ನಗುತ್ತಾರೆ. ನಗಿಸುತ್ತಲೇ ಅವಳು ತನಗಾದ ಕೆಟ್ಟ ಅನುಭವಗಳಿಗೆ, ಏಡ್ಸ್ ಬಂದು ಸತ್ತ ಗೆಳೆಯರ ನೆನಪಿಗೆ ಬರುತ್ತಾಳೆ. ಆ ವರ್ಷಗಳಲ್ಲಿ ನ್ಯೂಯಾರ್ಕಿನ ಕಲಾವಿದರ ಲೋಕದಲ್ಲಿ ಸಾವಿನ ಮನೆಯಾಗದ ಮನೆ ಕಡಿಮೆ ಇತ್ತು.

ಎಲ್ಲ ಗದ್ದಲಕ್ಕೂ ಕಾರಣವಾದದ್ದು ಪ್ರದರ್ಶನದ ಒಂದು ಭಾಗ. ಹೆಣ್ಣಿನ ಒಳಾಂಗಗಳ ಚಿತ್ರವೊಂದನ್ನು ತೋರಿಸಿ, ಗರ್ಭಕೋಶ ಇಲ್ಲಿದೆ, ಅಂಡಾಶಯ ಇಲ್ಲಿದೆ ಎಂದು ಹೇಳಿದ ಮೇಲೆ, ಹೆರಿಗೆ ಡಾಕ್ಟರರು ಬಳಸುವ ಸ್ಪೆಕ್ಯುಲಂ ಎಂಬ ಸಾಧನವನ್ನು ತಾನೇ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದಳು. ಪ್ರೇಕ್ಷಕರ ಕೈಗೆ ಒಂದು ಟಾರ್ಚು. ಇಷ್ಟವಿದ್ದವರು ಸಾಲಾಗಿ ಬಂದು ತನ್ನ ಗರ್ಭಕೊರಳನ್ನು ನೋಡಬಹುದು, ಕೇಳುವುದಿದ್ದರೆ ಕೇಳಬಹುದು. ಅಲ್ಲಿ ಹಲ್ಲಿಲ್ಲ, ಹೆದರಬೇಡಿ ಎಂಬ ಅರ್ಥದ ತಮಾಷೆಯನ್ನೂ ಮಾಡುತ್ತಿದ್ದಳು. ಸರತಿಯಲ್ಲಿ ನಿಂತ ಗಂಡಸರಲ್ಲಿ ಅನೇಕರು ಹೆಣ್ಣಿನ ಮೈಯನ್ನು ದುಡ್ಡು ಕೊಟ್ಟು ಪರದೆಯ ಮೇಲೆ ನೋಡಿದವರು, ಆದರೆ ತಾವು ಹುಟ್ಟಿ ಬಂದ ದಾರಿಯ ಬಾಗಿಲನ್ನು ನೋಡಿದ್ದು ಮೊದಲ ಸಲ. ನೋಡಿದ ಮೇಲೆ ಅವರಿಗೆ ಉದ್ರೇಕವಾಗಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್-ರೇ ನೋಡಿದವರಂತೆ ಗಂಭೀರವಾದರು ಎಂದು ನೋಡಿದವರು ಬರೆದಿದ್ದಾರೆ. ರೆಬೆಕಾ ಶ್ನೈಡರ್ ಎಂಬ ವಿದ್ವಾಂಸೆ 1997ರಲ್ಲಿ ಪ್ರಕಟಿಸಿದ ‘ದಿ ಎಕ್ಸ್‌ಪ್ಲಿಸಿಟ್ ಬಾಡಿ ಇನ್ ಪರ್ಫಾರ್ಮೆನ್ಸ್’ ಪುಸ್ತಕದಲ್ಲಿ ಈ ದೃಶ್ಯವನ್ನು ದೀರ್ಘವಾಗಿ ಚರ್ಚಿಸಿದ್ದಾರೆ.

ಇದು ಆನಿಯ ತಲೆಯಲ್ಲಿ ಒಂದು ದಿನ ಹೊಳೆದ ಹುಚ್ಚಲ್ಲ. ಇದಕ್ಕೆ ಹಿಂದಿನ ಕೊಂಡಿಯೊಂದಿದೆ. 1971ರಲ್ಲಿ ಲಾಸ್ ಏಂಜಲೀಸ್‌ನ ಒಂದು ಮಹಿಳಾ ಪುಸ್ತಕದಂಗಡಿಯಲ್ಲಿ ಕ್ಯಾರಲ್ ಡೌನರ್ ಎಂಬ ಮಕ್ಕಳೊಂದಿಗಳು, ನೆರೆದ ಹೆಂಗಸರ ಮುಂದೆ ಸ್ಪೆಕ್ಯುಲಂ, ಕನ್ನಡಿ, ಟಾರ್ಚು ಇಟ್ಟುಕೊಂಡು ತನ್ನ ಒಳಭಾಗವನ್ನು ತಾನೇ ನೋಡುವುದು ಹೇಗೆ ಎಂದು ತೋರಿಸಿದಳು. ಡಾಕ್ಟರನೊಬ್ಬನಿಗೆ ಮಾತ್ರ ಕಾಣುತ್ತಿದ್ದ ಜಾಗ ಅಂದಿನಿಂದ ಹೆಂಗಸರಿಗೂ ಕಾಣತೊಡಗಿತು. ಮರುವರ್ಷ ಪೊಲೀಸರು ಅವಳನ್ನು ಹಿಡಿದರು. ಪರವಾನಗಿ ಇಲ್ಲದೆ ವೈದ್ಯ ಮಾಡಿದಳು ಎಂಬುದು ಆರೋಪ. ಸೋಂಕಾಗಿದ್ದ ಹೆಂಗಸೊಬ್ಬಳಿಗೆ ಮೊಸರು ಹಚ್ಚಲು ನೆರವಾದದ್ದೇ ಆ ವೈದ್ಯ! ಜ್ಯೂರಿ ಅವಳನ್ನು ಬಿಡುಗಡೆ ಮಾಡಿತು. ಆನಿ ಮಾಡಿದ್ದು ಆ ಕನ್ನಡಿಯನ್ನು ತೆಗೆದು ಗಂಡಸರ ಕೈಗೂ ಟಾರ್ಚು ಕೊಟ್ಟದ್ದು.

ಇಲ್ಲಿ ನಮ್ಮ ಮಾತನ್ನು ಸ್ವಲ್ಪ ಹೇಳಬೇಕು. ಗರ್ಭಕೊರಳು ಎಂಬ ಶಬ್ದವನ್ನು ನಾವು ಕಾಲೇಜಿಗೆ ಹೋಗುವವರೆಗೂ ಕೇಳಿರಲಿಲ್ಲ, ಉರ್ದುವಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ನಮ್ಮ ಒಬ್ಬ ಖಾಲಾ ಇದ್ದರು. ಮುಟ್ಟು ನಿಂತು ಏಳೆಂಟು ವರ್ಷವಾದ ಮೇಲೆ ಅವರಿಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಯಾರಿಗೂ ಹೇಳಲಿಲ್ಲ. ಹಳೆಯ ದುಪಟ್ಟಾಗಳನ್ನು ಹರಿದು ಬಳಸಿ, ರಾತ್ರಿ ಹೊತ್ತು ಒಗೆದು, ಕೋಳಿಗೂಡಿನ ಹಿಂದೆ ಒಣಹಾಕುತ್ತಿದ್ದರಂತೆ. ಒಂದು ವರ್ಷ ಕಳೆದು ಸೊಂಟ ನೋವು ತಡೆಯಲಾರದೆ ಸೊಸೆಯ ಬಳಿ ‘ನೀಚೇ ಕೀ ಬೀಮಾರಿ’ ಎಂದಷ್ಟೇ ಹೇಳಿದರು. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ ಪರೀಕ್ಷೆ ಮಾಡಿ ಹೊರಗೆ ಬಂದು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಗಂಡುಮಕ್ಕಳನ್ನು ಕೇಳಿದರು. ಗಂಡುಮಕ್ಕಳು ನೆಲ ನೋಡಿದರು. ಐದು ತಿಂಗಳಲ್ಲಿ ಖಾಲಾ ತೀರಿಕೊಂಡರು. ಕೊನೆಯವರೆಗೂ ಕಾಯಿಲೆಯ ಹೆಸರು ಆ ಮನೆಯಲ್ಲಿ ‘ಹೊಟ್ಟೆಯದು’ ಎಂದೇ ಇತ್ತು.

ಖಾಲಾ ಒಬ್ಬರೇ ಅಲ್ಲ. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲೇ ಸುಮಾರು 1,27,000 ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಕಾಣಿಸಿತು, ಸುಮಾರು 80,000 ಮಂದಿ ಸತ್ತರು. ಎಚ್‌ಪಿವಿ ಎಂಬ ವೈರಸ್ಸು ಇದರ ಮೂಲ ಎಂದು ತೋರಿಸಿದ ಹರಾಲ್ಡ್ ತ್ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈಗ ಲಸಿಕೆಯಿದೆ, ಬೇಗ ಪತ್ತೆಮಾಡುವ ಸುಲಭ ಪರೀಕ್ಷೆಗಳಿವೆ. ಕ್ಯಾನ್ಸರುಗಳಲ್ಲೆಲ್ಲ ತಡೆಯಬಹುದಾದದ್ದು ಇದು. ಆದರೆ ಪರೀಕ್ಷೆ ಮಾಡಿಸಿಕೊಳ್ಳಬೇಕಾದರೆ ಮೊದಲು ಅಂಥ ಒಂದು ಅಂಗ ತನಗಿದೆ ಎಂದು ಗೊತ್ತಿರಬೇಕು, ಅದಕ್ಕೊಂದು ಹೆಸರಿರಬೇಕು, ಆ ಹೆಸರನ್ನು ಬಾಯಿಬಿಟ್ಟು ಹೇಳಲು ಬರಬೇಕು. ಆನಿಯ ಟಾರ್ಚಿನ ಸಂಗತಿ ಓದುವಾಗ ನಮಗೆ ನೆನಪಾದದ್ದು ಅಶ್ಲೀಲವಾದ ಏನೂ ಅಲ್ಲ, ಕೋಳಿಗೂಡಿನ ಹಿಂದೆ ಒಣಗುತ್ತಿದ್ದ ಆ ಬಟ್ಟೆಗಳು.

ಹಾಗೆಂದು ನಾಚಿಕೆಯೆಲ್ಲ ಕೆಟ್ಟದ್ದು ಎಂದು ಹೇಳಲು ನಮಗೆ ಮನಸ್ಸಿಲ್ಲ. ‘ಹಯಾ’ ಈಮಾನಿನ ಭಾಗ ಎಂದು ಕೇಳಿಕೊಂಡೇ ಬೆಳೆದವರು ನಾವು, ಅದನ್ನು ಇವತ್ತಿಗೂ ನಂಬುತ್ತೇವೆ. ಆದರೆ ಹಯಾ ಎಂದರೆ ಬಾಯಿಕಟ್ಟು ಎಂದು ನಮಗೆ ಕಲಿಸಿದವರು ಯಾರು? ಪ್ರವಾದಿಯವರ ಬಳಿಗೆ ಉಮ್ಮು ಸುಲೈಮ್ ಬಂದು, ಕನಸಿನಲ್ಲಿ ಗಂಡಸರಿಗಾಗುವುದು ಹೆಂಗಸಿಗಾದರೆ ಅವಳೂ ಗುಸ್ಲ್ ಮಾಡಬೇಕೇ ಎಂದು ನೇರವಾಗಿ ಕೇಳಿದ್ದು ಹದೀಸ್ ಗ್ರಂಥಗಳಲ್ಲಿದೆ. ಅವರಿಗೆ ಉತ್ತರ ಸಿಕ್ಕಿತೇ ಹೊರತು ಗದರಿಕೆ ಸಿಗಲಿಲ್ಲ. ಮದೀನಾದ ಅನ್ಸಾರಿ ಹೆಂಗಸರು ನಾಚಿಕೆಯಿಂದಾಗಿ ಕಲಿಯುವುದನ್ನು ಬಿಟ್ಟವರಲ್ಲ ಎಂದು ಹಜ್ರತ್ ಆಯಿಶಾ ಅವರನ್ನು ಮೆಚ್ಚಿ ಮಾತಾಡಿದ್ದೂ ಇದೆ. ನೂರು ವರ್ಷಕ್ಕೂ ಹಿಂದೆ ಮೌಲಾನಾ ಅಶ್ರಫ್ ಅಲಿ ಥಾನ್ವಿಯವರು ಬರೆದ ‘ಬಹಿಷ್ತಿ ಜೇವರ್’ ಪುಸ್ತಕದಲ್ಲಿ ಮುಟ್ಟು, ಬಾಣಂತನ, ಶುದ್ಧಿಯ ವಿವರಗಳು ಸ್ಪಷ್ಟವಾದ ಉರ್ದುವಿನಲ್ಲಿವೆ. ಎಷ್ಟೋ ಮದುಮಗಳುಗಳ ಪೆಟ್ಟಿಗೆಯಲ್ಲಿ ಬಟ್ಟೆಯ ಜೊತೆಗೆ ಅದನ್ನೂ ಇಟ್ಟು ಕಳಿಸುತ್ತಿದ್ದರು. ಆ ಪುಸ್ತಕದ ಎಲ್ಲ ಮಾತನ್ನೂ ಇಂದು ಒಪ್ಪಲಾಗದು, ಅದು ಬೇರೆ ವಿಷಯ. ಗರ್ಭಕ್ಕೆ ಅರಬಿಯಲ್ಲಿರುವ ‘ರಹಿಮ್’ ಎಂಬ ಪದವೂ ಅಲ್ಲಾಹನ ‘ರಹಮಾನ್’ ಎಂಬ ಹೆಸರೂ ಒಂದೇ ಧಾತುವಿನಿಂದ ಬಂದವು. ಇಂಥ ಪದವಿರುವ ಭಾಷೆಯನ್ನು ದಿನಕ್ಕೆ ಐದು ಬಾರಿ ಓದುವ ಮನೆಯಲ್ಲಿ ಒಬ್ಬ ಹೆಂಗಸು ‘ನೀಚೇ ಕೀ ಬೀಮಾರಿ’ ಎಂದು ಹೇಳಿ ಸಾಯಬೇಕೇ? ಹಯಾ ತನ್ನೊಳಗಿನಿಂದ ಬರುವಂಥದ್ದು. ಮತ್ತೊಬ್ಬರು ಹೊರಿಸಿದ್ದಕ್ಕೆ ಬೇರೆ ಹೆಸರು ಬೇಕು.

ಆನಿಗೆ ಹಿಂತಿರುಗೋಣ. 1990ರ ಜನವರಿಯಲ್ಲಿ ನ್ಯೂಯಾರ್ಕಿನ ‘ದಿ ಕಿಚನ್’ ಎಂಬ ರಂಗಮಂದಿರದಲ್ಲಿ ಅವಳ ಪ್ರದರ್ಶನ ನಡೆಯಿತು. ಆಗ ಅಮೆರಿಕದಲ್ಲಿ ಕಲೆಗೆ ಸರ್ಕಾರದ ಹಣ ಕೊಡುವ ‘ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್’ ಎಂಬ ಸಂಸ್ಥೆಯ ಮೇಲೆ ದಾಳಿ ನಡೆದಿತ್ತು. ಹಿಂದಿನ ವರ್ಷ ಆಂಡ್ರೆಸ್ ಸೆರಾನೋನ ಏಸುವಿನ ಶಿಲುಬೆಯ ಛಾಯಾಚಿತ್ರ, ರಾಬರ್ಟ್ ಮೇಪಲ್‌ಥಾರ್ಪ್‌ನ ಚಿತ್ರಗಳು ಇವುಗಳಿಂದ ಹೊತ್ತಿಕೊಂಡ ಬೆಂಕಿ ಅದು. ಆನಿಯ ಪ್ರದರ್ಶನಕ್ಕೆಂದೇ ಸರ್ಕಾರದ ಹಣ ಹೋಗಿರಲಿಲ್ಲ, ರಂಗಮಂದಿರಕ್ಕೆ ಮಾತ್ರ ಅನುದಾನ ಬರುತ್ತಿತ್ತು. ಕಾಂಗ್ರೆಸ್ ಸದಸ್ಯ ಡೇನಾ ರೋರಬಾಕರ್, ಸೆನೆಟರ್ ಜೆಸ್ಸಿ ಹೆಲ್ಮ್ಸ್ ಅಂಥವರಿಗೆ ಅಷ್ಟೇ ಸಾಕಾಯಿತು. ತೆರಿಗೆದಾರನ ದುಡ್ಡಿನಲ್ಲಿ ಇದು ನಡೆಯುತ್ತಿದೆ ಎಂದು ಅವರು ಸಾರಿದರು. ಅವಳ ಹೆಸರು ದೇಶದ ಸಂಸತ್ತಿನ ಜಗಳಕ್ಕೆ ಹತ್ತಿತು.

ಅದೇ ಸುಮಾರಿಗೆ ಕ್ಲೀವ್‌ಲೆಂಡ್ ನಗರದಲ್ಲಿ ನಡೆದದ್ದು ಇನ್ನೂ ವಿಚಿತ್ರ. ಅಲ್ಲಿಯ ಪೊಲೀಸರು ಸ್ಪೆಕ್ಯುಲಂ ಭಾಗವನ್ನು ತೆಗೆದರೆ ಮಾತ್ರ ಪ್ರದರ್ಶನ ಎಂದರು. ಅದೇ ನಗರದ ಬರ್ಲೆಸ್ಕ್ ಮಂದಿರದಲ್ಲಿ ಅವಳು ಮೊದಲು ಗಂಡಸರ ಮುಂದೆ ಬತ್ತಲೆ ಆಟಗಳನ್ನು ಆಡಿದ್ದಳು. ಆಗ ಒಬ್ಬ ಪೊಲೀಸನೂ ತಡೆದಿರಲಿಲ್ಲ. ಅವಳ ಮೈ ಮಾರಾಟಕ್ಕಿದ್ದಾಗ ಯಾರಿಗೂ ತೊಂದರೆಯಾಗಲಿಲ್ಲ. ಅದೇ ಮೈ ಪಾಠ ಹೇಳಲು ಶುರುಮಾಡಿದಾಗ ಕಾನೂನು ಎಚ್ಚರವಾಯಿತು. ಅಶ್ಲೀಲ ಯಾವುದು ಎಂಬ ನಮ್ಮ ಪ್ರಶ್ನೆಗೆ ಕ್ಲೀವ್‌ಲೆಂಡ್ ಕೊಟ್ಟಷ್ಟು ನೇರವಾದ ಉತ್ತರವನ್ನು ನಾವು ಬೇರೆಲ್ಲೂ ಕಂಡಿಲ್ಲ.

ಮುಂದಿನದು ಬೇಗ ಬೇಗ ನಡೆಯಿತು. 1990ರ ಜೂನ್‌ನಲ್ಲಿ ತಜ್ಞರ ಸಮಿತಿ ಶಿಫಾರಸು ಮಾಡಿದ್ದರೂ ಕ್ಯಾರೆನ್ ಫಿನ್ಲಿ, ಹಾಲಿ ಹ್ಯೂಸ್, ಜಾನ್ ಫ್ಲೆಕ್, ಟಿಮ್ ಮಿಲ್ಲರ್ ಎಂಬ ನಾಲ್ವರಿಗೆ ಅನುದಾನ ನಿರಾಕರಿಸಲಾಯಿತು. ನಾಲ್ವರೂ ಮೈಯ ಬಗ್ಗೆ, ಲೈಂಗಿಕತೆಯ ಬಗ್ಗೆ ಒಬ್ಬರೇ ನಿಂತು ಮಾತಾಡುತ್ತಿದ್ದ ಕಲಾವಿದರು. ಅವರು ನ್ಯಾಯಾಲಯಕ್ಕೆ ಹೋದರು, 1993ರಲ್ಲಿ ಪರಿಹಾರ ಪಡೆದರು. ಆದರೆ ಅನುದಾನ ಕೊಡುವಾಗ ಸಭ್ಯತೆಯನ್ನೂ ಜನರ ವಿವಿಧ ನಂಬಿಕೆಗಳ ಗೌರವವನ್ನೂ ಗಮನಿಸಬೇಕು ಎಂದು 1990ರಲ್ಲಿ ಸೇರಿಸಿದ ಕಾನೂನಿನ ಕಲಮನ್ನು ಸುಪ್ರೀಂ ಕೋರ್ಟ್ 1998ರಲ್ಲಿ ಎಂಟು-ಒಂದರ ಬಹುಮತದಿಂದ ಎತ್ತಿಹಿಡಿಯಿತು. ಅಷ್ಟು ಹೊತ್ತಿಗೆ ಸಂಸ್ಥೆಯ ಬಜೆಟ್ಟು 16 ಕೋಟಿ ಡಾಲರಿನಿಂದ 10 ಕೋಟಿಗೆ ಇಳಿದಿತ್ತು. ಸಾಹಿತ್ಯದಂಥ ಕೆಲವನ್ನು ಬಿಟ್ಟು ಬಿಡಿ ಕಲಾವಿದರಿಗೆ ನೇರ ಅನುದಾನವೂ ನಿಂತುಹೋಗಿತ್ತು. ನಂಬಿಕೆಗಳ ಗೌರವ ಎಂಬ ಮಾತು ನಮ್ಮ ದೇಶದವರಿಗೂ ಹೊಸದಲ್ಲ. ಎಂ.ಎಫ್. ಹುಸೇನ್ ಅವರ ಮೇಲಿನ ಮೊಕದ್ದಮೆಗಳನ್ನು ದೆಹಲಿ ಹೈಕೋರ್ಟ್ 2008ರಲ್ಲಿ ರದ್ದುಪಡಿಸಿದರೂ ಅವರು ತಿರುಗಿ ಬರಲಾಗಲಿಲ್ಲ, 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅವರ ಪರವಾಗಿ ಮಾತಾಡಿದ ನಾವು, ನಮ್ಮದೇ ನಂಬಿಕೆಗೆ ನೋವಾದಾಗ ಬೇರೆ ಅಳತೆಗೋಲು ತೆಗೆಯುತ್ತೇವೆಯೇ ಎಂದು ನೋಡಿಕೊಳ್ಳಬೇಕು.

ಉರ್ದು ಓದಿದವರಿಗೆ ಈ ಜಾಗದಲ್ಲಿ ಇಸ್ಮತ್ ಚುಗ್ತಾಯಿ ನೆನಪಾಗದೆ ಇರುವುದಿಲ್ಲ. 1942ರಲ್ಲಿ ಪ್ರಕಟವಾದ ‘ಲಿಹಾಫ್’ ಕತೆಗಾಗಿ ಅವರು ಲಾಹೋರಿನ ಕೋರ್ಟಿಗೆ ಹೋಗಿ ನಿಂತರು. ಅದೇ ಹೊತ್ತಿಗೆ ಮಂಟೋ ಕೂಡ ‘ಬೂ’ ಕತೆಗಾಗಿ ಅಲ್ಲಿಗೆ ಬಂದಿದ್ದರು. ಕ್ಷಮೆ ಕೇಳಿ ಮುಗಿಸಿಬಿಡಿ ಎಂದವರಿಗೆ ಇಸ್ಮತ್ ಒಪ್ಪಲಿಲ್ಲ. ಕತೆಯಲ್ಲಿ ಅಶ್ಲೀಲವಾದ ಪದ ಯಾವುದು ಎಂದು ಸಾಕ್ಷಿಗಳಿಗೆ ತೋರಿಸಲಾಗಲಿಲ್ಲ, ಕೇಸು ಬಿದ್ದುಹೋಯಿತು. ಇಸ್ಮತ್ ರಜಾಯಿಯನ್ನು ಒಂದು ಅಂಗುಲ ಎತ್ತಿ ಬಿಟ್ಟರು, ಆನಿ ಅದನ್ನು ಕಿತ್ತೇ ಎಸೆದಳು. ಕಲೆಯಾಗಿ ನಮಗೆ ಇಸ್ಮತ್ ಹೆಚ್ಚು ಪ್ರಿಯ. ಮುಚ್ಚಿ ಹೇಳಿದ್ದರಲ್ಲಿ ಓದುಗನ ಮನಸ್ಸಿಗೆ ಕೆಲಸವಿರುತ್ತದೆ. ಆದರೆ ಕೋರ್ಟಿನ ಕಟಕಟೆ ಇಬ್ಬರಿಗೂ ಒಂದೇ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಆನಿಯ ಪ್ರದರ್ಶನದಲ್ಲಿ ನಮಗೆ ಕೊಂಚವೂ ಒಪ್ಪಿಗೆಯಾಗದ ಭಾಗವೊಂದಿದೆ. ಅದು ಕೊನೆಯದು. ಪುರಾತನ ಕಾಲದಲ್ಲಿ ದೇವಾಲಯಗಳಲ್ಲಿ ಪವಿತ್ರ ವೇಶ್ಯೆಯರಿದ್ದರು, ಅವರ ಮಿಲನವೇ ಆರಾಧನೆಯಾಗಿತ್ತು ಎಂಬ ಕಲ್ಪನೆಯ ಮೇಲೆ, ಪ್ರೇಕ್ಷಕರ ಕೈಗೆ ಗಿಲಕಿಗಳನ್ನು ಕೊಟ್ಟು ಆಡಿಸಿ, ಮೋಂಬತ್ತಿಯ ಬೆಳಕಿನಲ್ಲಿ ಅವಳು ಒಂದು ಪೂಜೆಯಂಥದ್ದನ್ನು ನಡೆಸುತ್ತಿದ್ದಳು. ಅಂಥ ಪದ್ಧತಿ ಪ್ರಾಚೀನ ಜಗತ್ತಿನಲ್ಲಿ ಇದ್ದದ್ದೇ ಸಂಶಯ ಎಂದು ಸ್ಟೆಫನಿ ಬುಡಿನ್ ಎಂಬ ವಿದ್ವಾಂಸೆ 2008ರಲ್ಲಿ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಅದು ಪಂಡಿತರ ಚರ್ಚೆ. ಕನ್ನಡ ನಾಡಿನವರಾದ ನಮಗೆ ಸವದತ್ತಿಯ ದಾರಿ ಗೊತ್ತು. ಕೊರಳಿಗೆ ಮುತ್ತು ಕಟ್ಟಿ ದೇವರ ಹೆಸರಿನಲ್ಲಿ ಬಿಟ್ಟ ಹುಡುಗಿಯರಲ್ಲಿ ಹೆಚ್ಚಿನವರು ಯಾವ ಕೇರಿಯವರು, ಅವರನ್ನು ಇಟ್ಟುಕೊಂಡವರು ಯಾರು, ಅವರ ಮಕ್ಕಳ ಶಾಲೆಯ ಅರ್ಜಿಯಲ್ಲಿ ಅಪ್ಪನ ಹೆಸರಿನ ಜಾಗ ಏಕೆ ಖಾಲಿ ಎಂಬುದು ಗೊತ್ತು. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ ಬಂದದ್ದು ಆ ಪವಿತ್ರತೆಯ ಹೊರೆಯನ್ನು ಇಳಿಸಲೆಂದೇ. ಕಸುಬಿನ ಮೇಲಿನ ಕಳಂಕವನ್ನು ತೊಳೆಯಲು ಹೊರಟ ಆನಿ ಅದಕ್ಕೆ ಗಂಧ ಹಚ್ಚಿದಳು. ಕಳಂಕವೂ ಬೇಡ, ಗಂಧವೂ ಬೇಡ. ಆಯ್ಕೆ ಇತ್ತೇ ಇರಲಿಲ್ಲವೇ ಎಂದು ಆ ಹುಡುಗಿಯನ್ನೇ ಕೇಳಿದರೆ ಸಾಕು. ಲಿಂಡಾ ಕೇಳಿಕೊಂಡದ್ದೂ ಅದನ್ನೇ.

ಕಳಂಕದ ಬೆಲೆ ಎಷ್ಟು ಎಂಬುದು ಆನಿಗೆ ಮುಂದೆ ಬೇರೆ ರೀತಿಯಲ್ಲಿ ಎದುರಾಯಿತು. 2003ರಲ್ಲಿ ಅಮೆರಿಕದ ಸಿಯಾಟಲ್ ಭಾಗದ ಗ್ಯಾರಿ ರಿಡ್ಜ್‌ವೇ ಎಂಬವನು 48 ಹೆಂಗಸರನ್ನು ಕೊಂದದ್ದಾಗಿ ಒಪ್ಪಿಕೊಂಡ. ಅವರಲ್ಲಿ ಹೆಚ್ಚಿನವರು ಮೈ ಮಾರಿ ಬದುಕುವವರು. ಅವರನ್ನೇ ಏಕೆ ಆರಿಸಿದೆ ಎಂಬುದಕ್ಕೆ, ಅವರು ಕಾಣೆಯಾದರೆ ಯಾರೂ ಬೇಗ ದೂರು ಕೊಡುವುದಿಲ್ಲ ಎಂಬುದು ಅವನ ಉತ್ತರದ ಸಾರ. ಅದೇ ವರ್ಷದ ಡಿಸೆಂಬರ್ 17ರಂದು ಆನಿ ಮತ್ತು ಅವಳ ಜೊತೆಗಾರರು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸತ್ತವರ ನೆನಪಿಗೆ ದೀಪ ಹಚ್ಚಿದರು. ಲೈಂಗಿಕ ಕಾರ್ಯಕರ್ತೆಯರ ಮೇಲಿನ ಹಿಂಸೆಯನ್ನು ಕೊನೆಗೊಳಿಸುವ ಅಂತರರಾಷ್ಟ್ರೀಯ ದಿನ ಹುಟ್ಟಿದ್ದು ಹಾಗೆ. ಭಾರತದ ಸಂಘಟನೆಗಳೂ ಅದನ್ನು ಆಚರಿಸುತ್ತವೆ. ಮಾರ್ಚ್ 3ರ ಹಕ್ಕುಗಳ ದಿನ ಕಲ್ಕತ್ತೆಯಿಂದ ಜಗತ್ತಿಗೆ ಹೋದರೆ, ಡಿಸೆಂಬರ್ 17 ಅಲ್ಲಿಂದ ಇಲ್ಲಿಗೆ ಬಂತು. 1999ರಲ್ಲಿ ಕಲ್ಕತ್ತೆಯಲ್ಲಿ ನಡೆದ ಒಬ್ಬ ಲೈಂಗಿಕ ಕಾರ್ಯಕರ್ತೆಯ ಕೊಲೆಯಿಂದ ಶುರುವಾದ ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ, ಇವರಿಗೂ ಸಂವಿಧಾನದ 21ನೇ ವಿಧಿಯ ಘನತೆಯ ಬದುಕಿನ ಹಕ್ಕಿದೆ, ಪೊಲೀಸರು ಇವರ ದೂರನ್ನೂ ಉಳಿದವರ ದೂರಿನಂತೆಯೇ ತೆಗೆದುಕೊಳ್ಳಬೇಕು ಎಂದು ನಿರ್ದೇಶನ ಕೊಟ್ಟಿತು.

ಆನಿ 2002ರಲ್ಲಿ ಮಾನವ ಲೈಂಗಿಕತೆಯ ವಿಷಯದಲ್ಲಿ ಡಾಕ್ಟರೇಟ್ ಪಡೆದಳು. 2005ರಲ್ಲಿ ಸ್ತನದ ಕ್ಯಾನ್ಸರ್ ಬಂದಾಗ ಆ ಚಿಕಿತ್ಸೆಯನ್ನೂ, ಉದುರಿದ ಕೂದಲನ್ನೂ ಮರೆಮಾಚದೆ ತನ್ನ ಕಲೆಯ ವಸ್ತು ಮಾಡಿಕೊಂಡಳು. ತನ್ನ ಸಂಗಾತಿ, ಕಲಾವಿದೆ ಬೆತ್ ಸ್ಟೀಫನ್ಸ್ ಜೊತೆ ಸೇರಿ ಬೆಟ್ಟ, ನೀರುಗಳ ರಕ್ಷಣೆಯ ಕೆಲಸಕ್ಕೆ ಇಳಿದಳು. 2017ರಲ್ಲಿ ಡಾಕ್ಯುಮೆಂಟಾ ಎಂಬ ದೊಡ್ಡ ಕಲಾಪ್ರದರ್ಶನಕ್ಕೆ ಇಬ್ಬರನ್ನೂ ಆಹ್ವಾನಿಸಲಾಯಿತು. ಲಿಂಡಾ 2002ರಲ್ಲಿ ಕಾರು ಅಪಘಾತದಲ್ಲಿ ಗಾಯಗೊಂಡು ತೀರಿಕೊಂಡಳು. ಒಬ್ಬಳ ಬದುಕು ಹೀಗೆ, ಇನ್ನೊಬ್ಬಳದು ಹಾಗೆ.

ಈ ಚರಿತ್ರೆಯಿಂದ ನಾವು ಎತ್ತಿಟ್ಟುಕೊಳ್ಳುವುದು ಅವಳ ಬತ್ತಲೆಯನ್ನಲ್ಲ. ಅದು ಅವಳ ದೇಶದ, ಅವಳ ಕಸುಬಿನ ಭಾಷೆ. ನಮ್ಮ ಹೆಂಗಸರು ಮಾತಾಡಲು ಬತ್ತಲಾಗಬೇಕಿಲ್ಲ, ಬುರ್ಖಾದೊಳಗಿಂದಲೂ ಗರ್ಭಕೊರಳು ಎಂಬ ಪದವನ್ನು ಉಚ್ಚರಿಸಬಹುದು. ನಮ್ಮ ಮದರಸಾಗಳ ಆಲಿಮಾ ತರಗತಿಗಳಲ್ಲಿ ಗುಸ್ಲಿನ ಪಾಠ ಹೇಳುವ ಉಸ್ತಾನಿ ಅದೇ ಉಸಿರಿನಲ್ಲಿ ಈ ಪರೀಕ್ಷೆಯ ಬಗ್ಗೆಯೂ ನಾಲ್ಕು ಮಾತು ಹೇಳಬಹುದು. ಮಸೀದಿ ಕಮಿಟಿಗಳು ಸಕ್ಕರೆ ಕಾಯಿಲೆಗೆ, ಕಣ್ಣಿಗೆ ಶಿಬಿರ ಇಡುತ್ತವೆ. ಲೇಡಿ ಡಾಕ್ಟರರನ್ನು ಕರೆಸಿ ಇದಕ್ಕೂ ಒಂದು ಶಿಬಿರ ಇಡಬಹುದು. ಮೂವತ್ತು ದಾಟಿದ ಹೆಂಗಸರಿಗೆ ಈ ತಪಾಸಣೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡಬೇಕೆಂಬ ಕಾರ್ಯಕ್ರಮವಿದೆ. ಹೋಗಿ ಕೇಳಬೇಕು. ಕೇಳಲು ಹೋಗುವ ಹೆಂಗಸಿನ ಜೊತೆಗೆ ಮನೆಯ ಗಂಡಸೂ ಹೋಗಿ ಹೊರಗೆ ಬೆಂಚಿನ ಮೇಲೆ ಕೂರಬೇಕು, ಡಾಕ್ಟರಮ್ಮ ಬಂದು ಹೇಳಿದ್ದನ್ನು ಮುಖವೆತ್ತಿ ಕೇಳಿಸಿಕೊಳ್ಳಬೇಕು.